ಓದುಗರ ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ ದುಡಿಯುತ್ತಾ ತಿರುಗಾಟ

ಪ್ರಶ್ನೆ: ನನಗೆ 27 ವರ್ಷ, ಪದವಿ ಮುಗಿದಿದೆ. ಒಂದು ವರ್ಷ ಆಸ್ಟ್ರೇಲಿಯಾ ಸುತ್ತಬೇಕು, ಖರ್ಚಿಗೆ ಅಲ್ಲೇ ದುಡಿಯಬೇಕು. ಪ್ರವಾಸಿ ವೀಸಾ ಸಾಕೇ?

ಉತ್ತರ: ಸಾಲದು. ಪ್ರವಾಸಿ ವೀಸಾದಲ್ಲಿ ಕೂಲಿಗೆ ದುಡಿಯುವಂತಿಲ್ಲ. ನಿಮಗೆ ಬೇಕಾದದ್ದು ‘ವರ್ಕ್ ಅಂಡ್ ಹಾಲಿಡೇ’ ವೀಸಾ, ಉಪವರ್ಗ 462. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಇದು 2024ರಲ್ಲಿ ತೆರೆಯಿತು. ವರ್ಷಕ್ಕೆ 1,000 ಮಂದಿಗೆ ಮಾತ್ರ, ಅದೂ ಚೀಟಿ ಎತ್ತಿ. ಚೀಟಿಯಲ್ಲಿ ಹೆಸರು ಬಂದರೆ ಅರ್ಜಿ ಹಾಕುವ ಅವಕಾಶ ಸಿಕ್ಕಿತು ಎಂದಷ್ಟೇ ಅರ್ಥ, ವೀಸಾ ಸಿಕ್ಕಿತು ಎಂದಲ್ಲ. ವೀಸಾ ಕೈಗೆ ಬರುವತನಕ ಟಿಕೆಟ್ ತೆಗೆಯಬೇಡಿ, ಇರುವ ಕೆಲಸಕ್ಕೆ ರಾಜೀನಾಮೆಯನ್ನೂ ಕೊಡಬೇಡಿ. ವಯಸ್ಸು 18ರಿಂದ 30ರೊಳಗಿರಬೇಕು. ಖಾತೆಯಲ್ಲಿ ಸುಮಾರು 5,000 ಆಸ್ಟ್ರೇಲಿಯನ್ ಡಾಲರ್, ಅದರ ಮೇಲೆ ವಾಪಸು ಟಿಕೆಟ್ಟಿನ ಹಣ ತೋರಿಸಬೇಕು. ಸಾಮಾನ್ಯವಾಗಿ ಒಬ್ಬ ಮಾಲೀಕನ ಬಳಿ ಆರು ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ.

ಪ್ರಶ್ನೆ: ಎರಡನೇ ವರ್ಷದ ವೀಸಾಗೆ 88 ದಿನ ಹಳ್ಳಿ ಕಡೆ ಕೆಲಸ ಮಾಡಬೇಕಂತೆ. ಯಾವ ಕೆಲಸವಾದರೂ ನಡೆಯುತ್ತದೆಯೇ?

ಉತ್ತರ: ಇಲ್ಲ, ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ಎರಡು ಸಂಗತಿ ಒಟ್ಟಿಗೆ ಕೂಡಿಬರಬೇಕು: ಕೆಲಸ ಸರ್ಕಾರದ ಪಟ್ಟಿಯಲ್ಲಿರಬೇಕು, ಕೆಲಸದ ಜಾಗದ ಪಿನ್‌ಕೋಡ್ ಕೂಡ ಪಟ್ಟಿಯಲ್ಲಿರಬೇಕು. ನೋಡಬೇಕಾದದ್ದು ತೋಟದ ಪಿನ್‌ಕೋಡ್, ಕಂಪನಿಯ ಕಚೇರಿಯದ್ದಲ್ಲ. ಹಣ್ಣು ಕೀಳುವುದು, ಗಿಡ ಸವರುವುದು ಲೆಕ್ಕಕ್ಕೆ ಬರುತ್ತದೆ. ಅದೇ ತೋಟದ ಮನೆಯಲ್ಲಿ ಮಗು ನೋಡಿಕೊಂಡರೆ ಬರುವುದಿಲ್ಲ. ದ್ರಾಕ್ಷಿತೋಟದ ಅಂಗಡಿಯಲ್ಲಿ ವೈನ್ ರುಚಿ ತೋರಿಸಿದರೂ ತೋಟದ ಕೆಲಸವೆಂದು ಲೆಕ್ಕಕ್ಕೆ ಬರುವುದಿಲ್ಲ.

ಎಣಿಕೆ ಹೀಗೆ: ಆ ಉದ್ಯಮದ ಪೂರ್ಣಾವಧಿ ವಾರ ಐದು ದಿನದ್ದಾಗಿದ್ದು ನೀವು ಐದೂ ದಿನ ದುಡಿದಿದ್ದರೆ ಏಳು ದಿನ ಜಮೆ. ಮಳೆ ಬಂದು ಮೂರೇ ದಿನ ಕೆಲಸವಾಯಿತೇ, ಮೂರೇ ಜಮೆ. ಹಾಗಾಗಿ ಮೂರು ತಿಂಗಳಿಗೇ ಸರಿಯಾಗಿ ಯೋಜನೆ ಹಾಕಿದರೆ ಕೊನೆಯಲ್ಲಿ ಹತ್ತು ಹದಿನೈದು ದಿನ ಕಡಿಮೆ ಬೀಳುವುದು ಸಾಮಾನ್ಯ. ವೀಸಾದ ಮೊದಲರ್ಧದಲ್ಲೇ ಮುಗಿಸಿಕೊಳ್ಳಿ. ಪ್ರತಿ ವಾರದ ಪೇಸ್ಲಿಪ್ ಕೇಳಿ ಪಡೆದು ಆಗಲೇ ಎತ್ತಿಡಿ. ನಗದು ಕೈಗಿಟ್ಟು ‘ಆಮೇಲೆ ಸಹಿ ಹಾಕಿಕೊಡುತ್ತೇನೆ’ ಎನ್ನುವವನ ಬಳಿ ಒಂದು ದಿನವೂ ನಿಲ್ಲಬೇಡಿ.

ಬುಟ್ಟಿ ಲೆಕ್ಕದ ಕೂಲಿಯ ಬಗ್ಗೆಯೂ ಒಂದು ಮಾತು. ಏಪ್ರಿಲ್ 2022ರಿಂದ ತೋಟಗಾರಿಕೆಯಲ್ಲಿ, ಎಷ್ಟೇ ಕಡಿಮೆ ಬುಟ್ಟಿ ತುಂಬಿದರೂ ದುಡಿದ ಗಂಟೆಗಳಿಗೆ ಕನಿಷ್ಠ ಕೂಲಿ ಕೊಡಲೇಬೇಕು. ನಿಮ್ಮ ಗಂಟೆಗಳನ್ನು ನೀವೇ ದಿನಾ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಡಾರ್ವಿನ್ ಕಡೆ ಮಾವು ಕೀಳುವ ಕೆಲಸ ಸಿಗಬಹುದು. ಮೈಯೆಲ್ಲ ಗುಳ್ಳೆ ಏಳುತ್ತದೆ ಅಂತಾರೆ, ನಿಜವೇ?

ಉತ್ತರ: ನಿಜ, ಸೊನೆಯ ಕೆಲಸ ಅದು. ತೊಟ್ಟು ಮುರಿದ ಮೊದಲ ಕ್ಷಣಗಳಲ್ಲೇ ಸೊನೆ ಚಿಮ್ಮುತ್ತದೆ. ಹಣ್ಣಿನ ಸಿಪ್ಪೆಯೂ ಸುಡುತ್ತದೆ, ನಿಮ್ಮ ಚರ್ಮವೂ ಸುಡುತ್ತದೆ. ಮುಖದ ಹತ್ತಿರ ಹಿಡಿದು ತೊಟ್ಟು ಮುರಿಯಬೇಡಿ. ಉದ್ದ ತೋಳಿನ ಅಂಗಿ, ಕೈಗವಸು, ಕನ್ನಡಕ ಇರಲಿ. ಬೆವರು ಒರೆಸಲು ಅದೇ ಕೈಗವಸನ್ನು ಕಣ್ಣಿಗೆ ಒಯ್ಯುವುದೇ ದೊಡ್ಡ ತಪ್ಪು. ಕೆಲಸದ ಬಟ್ಟೆ ಬೇರೆಯಾಗಿ ಒಗೆಯಿರಿ. ಅಲರ್ಜಿ ಇರುವವರಿಗೆ ಗುಳ್ಳೆ ಏಳುವುದು ಒಂದೆರಡು ದಿನ ತಡವಾಗಿ. ಮೊದಲ ದಿನ ಏನೂ ಆಗಲಿಲ್ಲವೆಂದು ತೋಳು ಮಡಚಬೇಡಿ. ಭಾರತೀಯರಿಗೆ ಅಲ್ಲಿನ ಮೆಡಿಕೇರ್, ಅಂದರೆ ಸರ್ಕಾರಿ ಆರೋಗ್ಯ ಸೌಲಭ್ಯ ಇಲ್ಲ. ವಿಮೆ ಮಾಡಿಸುವಾಗ ಮೈಮುರಿಯುವ ಕೆಲಸದ ಗಾಯ ಅದರಲ್ಲಿ ಸೇರಿದೆಯೇ ಎಂದು ಷರತ್ತು ಓದಿ; ಎಷ್ಟೋ ಪ್ರವಾಸ ವಿಮೆಗಳಲ್ಲಿ ಸೇರಿರುವುದಿಲ್ಲ.

ಪ್ರಶ್ನೆ: ಸಂಬಳದಲ್ಲಿ ಎಷ್ಟು ತೆರಿಗೆ ಹೋಗುತ್ತದೆ? ವಾಪಸು ಬರುತ್ತದೆಯೇ?

ಉತ್ತರ: ಈ ವೀಸಾದವರಿಗೆ ಮೊದಲ ಡಾಲರಿನಿಂದಲೇ ಶೇ 15, ವರ್ಷಕ್ಕೆ 45,000 ಡಾಲರ್ ತನಕ. ಇಳಿದ ಮೊದಲ ವಾರವೇ ಟ್ಯಾಕ್ಸ್ ಫೈಲ್ ನಂಬರಿಗೆ ಅರ್ಜಿ ಹಾಕಿ, ಅದಿಲ್ಲದಿದ್ದರೆ ಕಡಿತ ವಿಪರೀತ. ಮಾಲೀಕ ನಿಮ್ಮ ಹೆಸರಿಗೆ ಕಟ್ಟುವ ‘ಸೂಪರ್’ ಎಂಬ ನಿವೃತ್ತಿ ನಿಧಿಯನ್ನು ದೇಶ ಬಿಟ್ಟು, ವೀಸಾ ಮುಗಿದ ಮೇಲೆ ಕೇಳಬಹುದು. ಆದರೆ ಅದರಲ್ಲಿ ಶೇ 65 ತೆರಿಗೆಗೆ ಹೋಗುತ್ತದೆ. ಆ ದುಡ್ಡಿನ ಮೇಲೆ ಮುಂದಿನ ತಿರುಗಾಟದ ಲೆಕ್ಕ ಕಟ್ಟಬೇಡಿ.

ಪ್ರಶ್ನೆ: ಹಳೆ ವ್ಯಾನ್ ಕೊಳ್ಳುವಾಗ ಏನು ನೋಡಬೇಕು?

ಉತ್ತರ: ಎಂಜಿನ್‌ಗಿಂತ ಮೊದಲು ಸಾಲ. ಚಾಸಿ ನಂಬರ್ ಹಾಕಿ ವಾಹನದ ಮೇಲೆ ಸಾಲವಿದೆಯೇ ಎಂದು ತೋರಿಸುವ ಸರ್ಕಾರದ ಪಿಪಿಎಸ್‌ಆರ್ ದಾಖಲೆಯಲ್ಲಿ ಹುಡುಕಿ, ಖರ್ಚು ಎರಡು ಡಾಲರ್. ಹಿಂದಿನವನ ಸಾಲ ಬಾಕಿಯಿದ್ದರೆ ಸಾಲ ಕೊಟ್ಟವರು ವ್ಯಾನನ್ನು ನಿಮ್ಮ ಕೈಯಿಂದಲೇ ಎಳೆದೊಯ್ಯಬಹುದು.