ದೋಣಿ ದುರಸ್ತಿ ಪ್ರಶ್ನೋತ್ತರ: ಹೊರಗೆ ಹೊಸ ಪೇಂಟ್, ಒಳಗೆ ಹಳೆ ನೀರು

ಪ್ರಶ್ನೆ: ಸರ್, ನಮಸ್ಕಾರ. ಕಳೆದ ವರ್ಷ ಒಂದು ಹಳೆ ಫೈಬರ್ ದೋಣಿ ತೆಗೆದುಕೊಂಡೆ. ಸುಮಾರು ಇಪ್ಪತ್ತು ಅಡಿ. ಶರಾವತಿ ಅಳಿವೆಯಲ್ಲಿ ಬಲೆ ಬಿಡಲಿಕ್ಕೆ ಇಟ್ಟುಕೊಂಡಿದ್ದೇನೆ. ಪೇಂಟ್ ಹೊಸದು, ನೋಡಲಿಕ್ಕೆ ಚೆನ್ನಾಗಿದೆ. ಆದರೆ ಎಂಜಿನ್ ಜೋರು ಕೊಟ್ಟಾಗ ಹಿಂಬದಿಯ ಹಲಗೆ ಅಲ್ಲಾಡುತ್ತದೆ. ದಡಕ್ಕೆ ಎಳೆದಿಟ್ಟ ಮೇಲೂ ಎಂಜಿನ್ ಬೋಲ್ಟಿನ ತೂತಿನಿಂದ ಕಂದು ನೀರು ಒಸರುತ್ತಲೇ ಇರುತ್ತದೆ. ಮೇಲಿಂದ ಎರಡು ಲೇಯರ್ ಮ್ಯಾಟ್ (ಗ್ಲಾಸ್ ಎಳೆಗಳ ಹಾಳೆ) ಹಾಕಿಸಿದರೆ ಸಾಕು ಅಂತ ಪರಿಚಯದವರು ಹೇಳುತ್ತಾರೆ. ಸಾಕಾಗುತ್ತದಾ? (ಹೊನ್ನಾವರದ ಓದುಗರು)

ಉತ್ತರ: ಸಾಕಾಗುವುದಿಲ್ಲ. ದಯವಿಟ್ಟು ಮೇಲಿಂದ ಏನೂ ಹಾಕಿಸಬೇಡಿ. ಒಳಗಿನ ನೀರಿಗೆ ಹೊರಗೆ ಬರಲು ಈಗ ಆ ಒಂದು ತೂತಾದರೂ ಇದೆ. ಅದನ್ನೂ ಮುಚ್ಚಿದರೆ ಒಳಗೊಳಗೇ ಕೊಳೆಯುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಫೈಬರ್ ಕೊಳೆಯುವ ವಸ್ತು ಅಲ್ಲ. ಕೊಳೆಯುವುದು ಅದರ ನಡುವೆ ಇರುವ ಪ್ಲೈವುಡ್. ಎಂಜಿನ್ ತೂಗುವ ಹಿಂಬದಿಯಲ್ಲಿ ಎರಡು ಪದರ ಫೈಬರ್, ನಡುವೆ ದಪ್ಪ ಪ್ಲೈ ಇರುತ್ತದೆ. ದೋಣಿ ಕಟ್ಟುವಾಗ ಆ ಪ್ಲೈಗೆ ಬೋಲ್ಟ್ ತೂತು ಕೊರೆಯುತ್ತಾರೆ, ಕೆಳಗೆ ನೀರು ಬಿಡುವ ಬಿರಡೆಗೆ ಇನ್ನೊಂದು ತೂತು. ಆ ತೂತಿನ ಒಳಮೈಗೆ ರೆಸಿನ್, ಅಂದರೆ ಫೈಬರ್ ಎಳೆಗಳನ್ನು ಹಿಡಿದಿಡುವ, ಒಣಗಿ ಗಟ್ಟಿಯಾಗುವ ಅಂಟು, ಬಳಿಯದೆ ಬಿಟ್ಟರೆ ಮರ ಅಲ್ಲಿಂದಲೇ ನೀರು ಕುಡಿಯಲು ಶುರು ಮಾಡುತ್ತದೆ. ಎಂಜಿನ್ ನಡುಗಿದ ಹಾಗೆ ತೂತು ಸಡಿಲವಾಗುತ್ತದೆ, ಮತ್ತಷ್ಟು ನೀರು ಹೋಗುತ್ತದೆ. ನಿಮ್ಮ ಬೋಲ್ಟಿನಿಂದ ಬರುವ ಕಂದು ಬಣ್ಣ ಬಹುಪಾಲು ಕೊಳೆತ ಮರದ್ದೇ.

ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಅಳಿವೆ ಬಾಯಲ್ಲಿ ಅಲೆ ಎದ್ದಿರುವಾಗ ಆ ಹಲಗೆ ಬಿಟ್ಟುಕೊಂಡರೆ ಎಂಜಿನ್ ಮಾತ್ರ ಹೋಗುವುದಲ್ಲ, ದೋಣಿಯ ಹಿಂಬದಿಯೇ ತೆರೆದುಕೊಳ್ಳುತ್ತದೆ. ದುರಸ್ತಿ ಆಗುವವರೆಗೆ ಎಂಜಿನ್ ಇಳಿಸಿಬಿಡಿ.

ಮೊದಲು ಎಲ್ಲಿವರೆಗೆ ಹರಡಿದೆ ನೋಡಬೇಕು. ಸ್ಕ್ರೂಡ್ರೈವರಿನ ಹಿಡಿ ಸಾಕು. ತೆಂಗಿನಕಾಯಿ ಬಡಿದು ನೋಡಿದ ಹಾಗೆ ಗೇಣು ಗೇಣು ಜಾಗ ಬಿಟ್ಟು ಬಡಿಯುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಠಣ್ ಅನ್ನುತ್ತದೆ, ನೀರು ಕುಡಿದಲ್ಲಿ ದಬ್ ಅನ್ನುತ್ತದೆ. ಎರಡರ ನಡುವಿನ ಗೆರೆಯನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಆಮೇಲೆ ಒಳಬದಿಯಿಂದ, ಅನುಮಾನ ಇದ್ದ ಕಡೆ ಸಣ್ಣ ಬಿಟ್ ಹಾಕಿ ಕೊರೆಯಿರಿ. ಹೊರಗಿನ ಫೈಬರ್‌ವರೆಗೆ ಹೋಗಬೇಡಿ. ಬಿಟ್ಟಿಗೆ ಸುತ್ತಿಕೊಂಡು ಬರುವ ಹೊಟ್ಟನ್ನು ಬೆರಳಲ್ಲಿ ಹಿಸುಕಿ. ಒಣಗಿದ ತಿಳಿ ಬಣ್ಣದ ಪುಡಿ ಬಂದರೆ ಅಲ್ಲಿ ಮರ ಚೆನ್ನಾಗಿದೆ. ಕಪ್ಪಗೆ, ಮೆತ್ತಗೆ, ಮುಗ್ಗಲು ವಾಸನೆ ಬಂದರೆ ಹೋಯಿತು. ಹೀಗೆ ಮೂಲೆಗಳಲ್ಲಿ, ಬಿರಡೆಯ ಸುತ್ತ, ನೆಲ ಹಿಂಬದಿಗೆ ಸೇರುವ ಜಾಗದಲ್ಲಿ ತಪ್ಪದೆ ನೋಡಿ. ನೆಲವೂ ಕಾಲಿಗೆ ಮೆತ್ತಗೆ ಸಿಕ್ಕಿದರೆ ಅದರ ಕೆಳಗಿನ ಉದ್ದ ಪಟ್ಟಿಗಳನ್ನೂ ಪರೀಕ್ಷಿಸಬೇಕು.

ಇನ್ನು ಬಿಚ್ಚುವ ಕೆಲಸ. ಒಳಗಿನ ಫೈಬರ್ ಪದರವನ್ನು ಮಾತ್ರ ಗ್ರೈಂಡರ್‌ನಲ್ಲಿ ಕತ್ತರಿಸಿ ತೆಗೆಯಿರಿ. ಹೊರಗಿನದನ್ನು ಮುಟ್ಟಬೇಡಿ, ದೋಣಿಯ ಆಕಾರ ನಿಂತಿರುವುದು ಅದರ ಮೇಲೆ. ಅಂಚಿನಲ್ಲಿ ನಾಲ್ಕು ಬೆರಳು ಹಳೆ ಫೈಬರ್ ಬಿಟ್ಟುಕೊಳ್ಳಿ, ಹೊಸ ಪದರ ಹಿಡಿಯಲಿಕ್ಕೆ ಬೇಕು. ಮುಖಕ್ಕೆ ಒಳ್ಳೆ ಮಾಸ್ಕ್, ಕಣ್ಣಿಗೆ ಕನ್ನಡಕ, ಪೂರ್ತಿ ತೋಳಿನ ಅಂಗಿ ಬೇಕೇ ಬೇಕು. ಮೂಗಿಗೆ ಟವಲ್ ಕಟ್ಟಿಕೊಂಡು ಫೈಬರ್ ಉಜ್ಜುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಆ ಧೂಳನ್ನು ಟವಲ್ ತಡೆಯುವುದಿಲ್ಲ.

ಒದ್ದೆ ಪ್ಲೈ ಉಳಿಯಿಂದ ಎಬ್ಬಿಸಿದರೆ ಪದರ ಪದರವಾಗಿ ಬರುತ್ತದೆ. ಗಟ್ಟಿ ಮರ ಸಿಕ್ಕಿದ ಮೇಲೂ ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿ. ಅರ್ಧ ಚೆನ್ನಾಗಿದೆ ಅಂತ ಉಳಿಸಿಕೊಳ್ಳುವ ಆಸೆ ಬೇಡ.

ಆಮೇಲೆ ಒಣಗಿಸಬೇಕು. ಎಲ್ಲರೂ ಅವಸರ ಮಾಡುವುದು ಇಲ್ಲಿಯೇ. ನೆರಳಲ್ಲಿ ಗಾಳಿ ಆಡುವ ಹಾಗೆ ಇಡಿ, ಫ್ಯಾನ್ ಹಚ್ಚಿ. ಒಣಗಿತೋ ಇಲ್ಲವೋ ನೋಡಲು ಒಂದು ತುಂಡು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಂಟಿಸಿ, ಒಂದು ದಿನ ಬಿಡಿ. ಒಳಮೈಯಲ್ಲಿ ಹನಿ ಕಟ್ಟಿದರೆ ಇನ್ನೂ ನೀರಿದೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ದೀಪಾವಳಿ ಕಳೆದ ಮೇಲೆ ಶುರು ಮಾಡಿ.

ಹೊಸ ಪ್ಲೈ ಮೇಲೆ ಐಎಸ್ 710 ಅನ್ನುವ ಮುದ್ರೆ ಇರಲಿ. ಅದು ಮರೈನ್ ಪ್ಲೈ. ಹಳೆಯದು ಎಷ್ಟು ದಪ್ಪ ಇತ್ತೋ ಅಷ್ಟೇ ಬರುವ ಹಾಗೆ ಎರಡು ಹಾಳೆ ಅಂಟಿಸಿಕೊಳ್ಳಿ. ಕೂರಿಸುವ ಮೊದಲು ಎಲ್ಲ ಮೈಗೂ ತೆಳು ಎಪಾಕ್ಸಿ ಕುಡಿಸಿ, ಅದೂ ಒಂದು ಬಗೆಯ ರೆಸಿನ್. ಅಂಚುಗಳಿಗೆ ಎರಡು ಮೂರು ಸಲ ಬಳಿಯಿರಿ, ಪ್ಲೈ ಹೆಚ್ಚು ನೀರು ಎಳೆಯುವುದು ಅಂಚಿನಿಂದ.

ಪಾಲಿಯೆಸ್ಟರ್ ರೆಸಿನ್ ಅಗ್ಗ, ನಿಜ. ಆದರೆ ಹಳೆ ಫೈಬರ್ ಮತ್ತು ಮರಕ್ಕೆ ಎಪಾಕ್ಸಿ ಹಿಡಿಯುವಷ್ಟು ಗಟ್ಟಿಯಾಗಿ ಅದು ಹಿಡಿಯುವುದಿಲ್ಲ. ಈ ಜಾಗಕ್ಕೆ ಎಪಾಕ್ಸಿಯನ್ನೇ ಹಾಕಿ. ಅದರ ಜೊತೆ ಮಾಮೂಲಿ ಮ್ಯಾಟ್ ಬೇಡ, ನೇಯ್ದ ಗ್ಲಾಸ್ ಬಟ್ಟೆ ತನ್ನಿ. ಮ್ಯಾಟಿನ ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್ ಎಂಬ ದ್ರವಕ್ಕೆ ಕರಗುತ್ತದೆ, ಎಪಾಕ್ಸಿಗೆ ಕರಗುವುದಿಲ್ಲ. ಒಳಮೂಲೆಗಳನ್ನು ಎಪಾಕ್ಸಿ ಪುಟ್ಟಿ ಹಾಕಿ ದುಂಡಗೆ ಮಾಡಿ, ಚೂಪು ಮೂಲೆಯಲ್ಲಿ ಬಟ್ಟೆ ಎದ್ದು ನಿಂತು ಒಳಗೆ ಗಾಳಿ ಉಳಿಯುತ್ತದೆ. ಹಳೆ ಅಂಚನ್ನು ದಪ್ಪದ 12 ಪಟ್ಟು ಅಗಲಕ್ಕೆ ಓರೆಯಾಗಿ ಉಜ್ಜಿ. ಫೈಬರ್ 5 ಮಿ.ಮೀ. ದಪ್ಪ ಇದ್ದರೆ 60 ಮಿ.ಮೀ. ಅಗಲ.

ಕೊನೆಗೆ ಬೋಲ್ಟ್ ತೂತು. ನೇರವಾಗಿ ಬೋಲ್ಟಿನ ಅಳತೆಗೆ ಕೊರೆಯಬೇಡಿ. ಮೊದಲು ದೊಡ್ಡದಾಗಿ ಕೊರೆದು, ಪೂರ್ತಿ ಗಟ್ಟಿ ಎಪಾಕ್ಸಿ ತುಂಬಿ. ಅದು ಸೆಟ್ ಆದ ಮೇಲೆ ನಡುವೆ ಬೋಲ್ಟಿನ ತೂತು ಮಾಡಿ, ಸೀಲೆಂಟ್ ಹಚ್ಚಿ ಬಿಗಿಯಿರಿ. ಆಗ ಬೋಲ್ಟಿಗೂ ಮರಕ್ಕೂ ನಡುವೆ ಎಪಾಕ್ಸಿಯ ಗೋಡೆ ಇರುತ್ತದೆ. ಬಿರಡೆ ತೂತಿಗೂ ಇದನ್ನೇ ಮಾಡಿ. ಇಷ್ಟು ಮಾಡಿಸಿದರೆ ದೋಣಿ ಮತ್ತೆ ವರ್ಷಗಟ್ಟಲೆ ಬಾಳುತ್ತದೆ. ಹೊರಮೈ ಗಟ್ಟಿ ಇದ್ದರೆ ಖರ್ಚು ಮಾಡಲು ಹಿಂಜರಿಯಬೇಡಿ.

ಪ್ರಶ್ನೆ: ನಮ್ಮ ದೋಣಿಯ ತಳದಲ್ಲಿ ಅಲ್ಲಲ್ಲಿ ಗುಳ್ಳೆ ಎದ್ದಿದೆ. ಒಡೆದರೆ ಹುಳಿ ವಾಸನೆಯ ನೀರು ಬರುತ್ತದೆ. ದೋಣಿ ಹಾಳಾಯಿತಾ? (ಮಲ್ಪೆಯ ಓದುಗರು)

ಉತ್ತರ: ಗಾಬರಿ ಬೇಡ. ಜೆಲ್ ಕೋಟ್ (ಫೈಬರಿನ ಹೊರಗಿನ ನುಣುಪು ಪದರ) ದಾಟಿ ಒಳಗೆ ಹೋದ ನೀರು ರೆಸಿನ್ ಜೊತೆ ಸೇರಿ ಹೀಗೆ ಹುಳಿಯಾಗುತ್ತದೆ. ಒಡೆಯುವಾಗ ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ. ಗುಳ್ಳೆ ಕೆಲವೇ ಇದ್ದರೆ ಒಂದೊಂದನ್ನೇ ಗಟ್ಟಿ ಫೈಬರ್ ಸಿಗುವವರೆಗೆ ಉಜ್ಜಿ, ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆಯಿರಿ. ಚೆನ್ನಾಗಿ ಒಣಗಿದ ಮೇಲೆ ಎಪಾಕ್ಸಿ ಪುಟ್ಟಿ ತುಂಬಿ. ತಳವಿಡೀ ಎದ್ದಿದ್ದರೆ ಮಾತ್ರ ಜೆಲ್ ಕೋಟ್ ಪೂರ್ತಿ ತೆಗೆಯಬೇಕು, ಒಣಗಲು ತಿಂಗಳುಗಳೇ ಬೇಕಾಗುತ್ತವೆ.

ಪ್ರಶ್ನೆ: ಮಳೆಗಾಲದಲ್ಲಿ ದೋಣಿಯನ್ನು ದಡದಲ್ಲಿ ಇಡುತ್ತೇವೆ, ಸಮುದ್ರಕ್ಕೆ ಇಳಿಸುವುದೇ ಇಲ್ಲ. ಆದರೂ ಒಳಗಿನ ಮರ ಹೇಗೆ ಕೊಳೆಯಿತು? (ಕುಂದಾಪುರದ ಓದುಗರು)

ಉತ್ತರ: ಮಳೆ ನೀರಿನಿಂದಲೇ. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಉಪ್ಪುನೀರು ಅಷ್ಟು ಹಿಡಿಸುವುದಿಲ್ಲ, ಸಿಹಿನೀರು ಸಿಕ್ಕಿದರೆ ಬೇಗ ಬೆಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೋಣಿಯೊಳಗೆ ನಿಂತ ನೀರು ಸಮುದ್ರಕ್ಕಿಂತ ಜಾಸ್ತಿ ಹಾನಿ ಮಾಡುತ್ತದೆ. ಬಿರಡೆ ತೆಗೆದಿಡಿ, ಮೂತಿ ಸ್ವಲ್ಪ ಎತ್ತರ ಮಾಡಿ, ನೀರು ಹಿಂದಕ್ಕೆ ಹರಿದು ಹೋಗಲಿ. ಟಾರ್ಪಾಲನ್ನು ದೋಣಿಗೆ ಅಂಟಿಸಿ ಬಿಗಿಯಬೇಡಿ, ನಡುವೆ ಗಳ ಕಟ್ಟಿ ಎತ್ತರಿಸಿ, ಎರಡೂ ಬದಿ ಗಾಳಿಗೆ ತೆರೆದಿರಲಿ. ಬಿರಡೆ ತೂತಿಗೆ ಕಸ, ಎಲೆ ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಹೋಗಿ ಕಡ್ಡಿ ಹಾಕಿ ಬಿಡಿಸಿ ಬನ್ನಿ.