ಅನೆಕ್ಸಿನ್ ಅಂಟಿದರೆ ಕೋಶ ಸತ್ತ ಹಾಗೇನಾ?

"ಅನೆಕ್ಸಿನ್ 5 ಅಂಟಿಕೊಂಡ ಕೋಶಗಳೆಲ್ಲ ಅಪಾಪ್ಟೋಸಿಸ್‌ನಲ್ಲಿವೆ ಎಂದು ಬರೆಯಬಹುದಾ?" ಎಂದು ಕೇಳಿದ್ದೀರಿ. (ಅನೆಕ್ಸಿನ್ 5 ಅಂದರೆ ಪ್ರಯೋಗದಲ್ಲಿ ಕೋಶಗಳಿಗೆ ಹಾಕುವ ಒಂದು ಪ್ರೋಟೀನು; ಅಪಾಪ್ಟೋಸಿಸ್ ಅಂದರೆ ಕೋಶ ತನ್ನನ್ನು ತಾನೇ ಕ್ರಮವಾಗಿ ಕೊಂದುಕೊಳ್ಳುವುದು.) ಅವಸರ ಬೇಡ.

ಅನೆಕ್ಸಿನ್ ಹಿಡಿಯುವುದು ಸಾವನ್ನಲ್ಲ, ಫಾಸ್ಫಟೈಡಿಲ್‌ಸೆರೀನ್ ಎಂಬ ಫಾಸ್ಫೋಲಿಪಿಡ್ಡನ್ನು, ಅಂದರೆ ಕೋಶದ ಪೊರೆಯ ಒಂದು ಕೊಬ್ಬಿನ ಅಣುವನ್ನು. ಇದು ಸಾಮಾನ್ಯವಾಗಿ ಪೊರೆಯ ಒಳಪದರದಲ್ಲಿರುತ್ತದೆ. ತಾನಾಗಿಯೇ ಅಲ್ಲ; ಹೊರಗೆ ಜಾರಿದ್ದನ್ನು ಫ್ಲಿಪ್ಪೇಸ್ ಎಂಬ ಪ್ರೋಟೀನು ಎಟಿಪಿ (ಕೋಶದ ಇಂಧನ) ಖರ್ಚು ಮಾಡಿ ಒಳಗೆಳೆಯುತ್ತಲೇ ಇರುತ್ತದೆ. ಅಪಾಪ್ಟೋಸಿಸ್ ಶುರುವಾದರೆ ಕ್ಯಾಸ್ಪೇಸ್‌ಗಳೆಂಬ, ಪ್ರೋಟೀನು ಕತ್ತರಿಸುವ ಕಿಣ್ವಗಳು ಈ ಫ್ಲಿಪ್ಪೇಸನ್ನು ಕತ್ತರಿಸಿ ಕೆಡಿಸುತ್ತವೆ. ಅದೇ ಕತ್ತರಿ ಎಕ್ಸ್‌ಕೆಆರ್8 ಎಂಬ ಸ್ಕ್ರಾಂಬ್ಲೇಸಿಗೆ (ಪೊರೆಯ ಎರಡು ಪದರಗಳ ನಡುವೆ ಲಿಪಿಡ್ಡನ್ನು ಅತ್ತಿತ್ತ ಬೆರೆಸುವ ಪ್ರೋಟೀನು) ತಾಗಿದರೆ ಅದು ಎಚ್ಚರಗೊಳ್ಳುತ್ತದೆ. ತಮಾಷೆ ಅಲ್ವಾ! ಲಿಪಿಡ್ ಹೊರಗೆ ಬರುತ್ತದೆ, ಅದನ್ನು ಗುರುತಿಸಿ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶ ಆ ಕೋಶವನ್ನು ನುಂಗುತ್ತದೆ.

ಆದರೆ ಪ್ಲೇಟ್‌ಲೆಟ್ ನೋಡಿ. ಗಾಯವಾದಾಗ ಅದರೊಳಗೆ ಕ್ಯಾಲ್ಸಿಯಂ ಏರಿ, ಟಿಎಂಇಎಂ16ಎಫ್ ಎಂಬ ಇನ್ನೊಂದು ಸ್ಕ್ರಾಂಬ್ಲೇಸ್ ಇದೇ ಲಿಪಿಡ್ಡನ್ನು ಹೊರಗೆ ತರುತ್ತದೆ. ರಕ್ತ ಹೆಪ್ಪುಗಟ್ಟಲು ಅದು ಬೇಕೇ ಬೇಕು. ಟಿಎಂಇಎಂ16ಎಫ್‌ನ ಜೀನ್ ಕೆಟ್ಟರೆ ಸ್ಕಾಟ್ ಸಿಂಡ್ರೋಮ್ ಎಂಬ ಅಪರೂಪದ ರಕ್ತಸ್ರಾವದ ಕಾಯಿಲೆ. ಸಿಕಲ್ ಸೆಲ್ ರೋಗಿಗಳ ಕೆಲವು ಕೆಂಪು ರಕ್ತಕಣಗಳಲ್ಲೂ ಈ ಲಿಪಿಡ್ ಹೊರಗೇ ಕಾಣುತ್ತದೆ.

ಇನ್ನು ನಿಮ್ಮ ಪ್ರಯೋಗಕ್ಕೆ: ಪೊರೆ ಹರಿದಿದ್ದರೆ ಅನೆಕ್ಸಿನ್ ಒಳಗೇ ನುಗ್ಗಿ ಅಂಟುತ್ತದೆ. ಹಾಗಾಗಿ ಪೊರೆ ಹರಿದ ಕೋಶಕ್ಕೆ ಮಾತ್ರ ನುಗ್ಗುವ ಬಣ್ಣವಾದ ಪ್ರೊಪಿಡಿಯಂ ಅಯೋಡೈಡ್ ಜೊತೆಗಿರಲಿ. ಕ್ಯಾಸ್ಪೇಸ್ 3 ಚುರುಕಾಗಿದೆಯೇ ಎಂದೂ ನೋಡಿಬಿಟ್ಟರೆ ಒಳ್ಳೆಯದು. ಮತ್ತೆ, ಅನೆಕ್ಸಿನ್ ಅಂಟಲು ಬಫರಿನಲ್ಲಿ ಕ್ಯಾಲ್ಸಿಯಂ ಇರಲೇಬೇಕು. ಕೋಶಗಳನ್ನು ತಟ್ಟೆಯಿಂದ ಬಿಡಿಸಲು ಬಳಸಿದ ಟ್ರಿಪ್ಸಿನ್ ಜೊತೆ ಬಂದ ಇಡಿಟಿಎ (ಕ್ಯಾಲ್ಸಿಯಂ ಹಿಡಿದಿಡುವ ರಾಸಾಯನಿಕ) ಉಳಿದಿದ್ದರೆ ಏನೂ ಅಂಟುವುದಿಲ್ಲ, ಚೆನ್ನಾಗಿ ತೊಳೆಯಿರಿ.