ಒಂದೇ ಅಡುಗೆಮನೆ, ಎರಡು ಮೈಕಟ್ಟು: ತೂಕದಲ್ಲಿ ವಂಶದ ಪಾಲೆಷ್ಟು, ಊಟದ ಪಾಲೆಷ್ಟು?

ಪ್ರಶ್ನೆ: ನನಗೆ 38 ವರ್ಷ. ಎತ್ತರ 157 ಸೆಂ.ಮೀ., ತೂಕ 71 ಕೆ.ಜಿ., ಸೊಂಟದ ಸುತ್ತಳತೆ 92 ಸೆಂ.ಮೀ. ಹಾಸನದ ಹತ್ತಿರ ಕೂಡುಕುಟುಂಬದಲ್ಲಿ ಆರು ಜನ ಇದ್ದೇವೆ. ನಾನೂ ನನ್ನ ಓರಗಿತ್ತಿಯೂ ಒಂದೇ ಒಲೆಯ ಅಡುಗೆ ಉಣ್ಣುವವರು. ಇಬ್ಬರು ಮಕ್ಕಳಾದ ಮೇಲೂ ಅವಳಿಗೆ ಮದುವೆಯ ರವಿಕೆ ಹಿಡಿಸುತ್ತದೆ. ನಾನು ನೀರು ಕುಡಿದರೂ ದಪ್ಪಗಾಗುತ್ತೇನೆ. ನನ್ನ ತಾಯಿ, ಚಿಕ್ಕಮ್ಮಂದಿರು ಎಲ್ಲರೂ ದಪ್ಪ. ತಾಯಿಗೆ 50ಕ್ಕೇ ಸಕ್ಕರೆ ಕಾಯಿಲೆ ಬಂತು. ಥೈರಾಯ್ಡ್ ಪರೀಕ್ಷೆ ಸರಿಯಾಗಿದೆ. ಎಂಜಲು ಪರೀಕ್ಷಿಸಿ ‘ನಿಮ್ಮ ಜೀನಿಗೆ ಒಪ್ಪುವ ಆಹಾರ’ ತಿಳಿಸುತ್ತೇವೆ ಎಂಬ ಜಾಹೀರಾತು ನೋಡಿದೆ. ಮಾಡಿಸಬಹುದೇ? ಅಥವಾ ಅನ್ನ ಬಿಟ್ಟು ಮುದ್ದೆ ಉಂಡರೆ ಸಾಕೇ? (ತಿಂಗಳಿಗೆ ಏಳು ಲೀಟರ್ ಅಡುಗೆ ಎಣ್ಣೆ ತರುತ್ತೇವೆ.)

ಉತ್ತರ: ಓರಗಿತ್ತಿಯರ ನಡುವೆ ರಕ್ತಸಂಬಂಧ ಇರುವುದಿಲ್ಲ, ಅಡುಗೆ ಮಾತ್ರ ಒಂದೇ ಇರುತ್ತದೆ. ಹೀಗಾಗಿ ನೀವು ಕೇಳಿರುವುದು ವಿಜ್ಞಾನಿಗಳೂ ಬಹುಕಾಲ ಕೇಳಿಕೊಂಡ ಪ್ರಶ್ನೆಯೇ ಆಗಿದೆ. 1986ರಲ್ಲಿ ಡೆನ್ಮಾರ್ಕಿನಲ್ಲಿ, ಚಿಕ್ಕಂದಿನಲ್ಲೇ ದತ್ತು ಹೋಗಿ ದೊಡ್ಡವರಾಗಿದ್ದ 540 ಜನರ ಮೈತೂಕವನ್ನು ಅವರ ಹೆತ್ತವರ ಮತ್ತು ಸಾಕಿದವರ ಮೈತೂಕದೊಂದಿಗೆ ಹೋಲಿಸಿ ನೋಡಲಾಯಿತು. ಹೆತ್ತವರೊಂದಿಗೆ ಸ್ಪಷ್ಟವಾದ ಹೋಲಿಕೆ ಕಂಡಿತು. ಯಾರ ಮನೆಯಲ್ಲಿ ಉಂಡು ಬೆಳೆದಿದ್ದರೋ ಅವರೊಂದಿಗೆ ಹೋಲಿಕೆಯೇ ಕಾಣಲಿಲ್ಲ. 1990ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಹನ್ನೆರಡು ಜೋಡಿ ತದ್ರೂಪಿ ಅವಳಿ ಯುವಕರಿಗೆ, ನೂರು ದಿನಗಳ ಅವಧಿಯಲ್ಲಿ ವಾರಕ್ಕೆ ಆರು ದಿನ, ದಿನಕ್ಕೆ 1000 ಕ್ಯಾಲೊರಿ ಹೆಚ್ಚುವರಿಯಾಗಿ ಉಣಬಡಿಸಿದರು. ಹೆಚ್ಚುವರಿ ಊಟ ಎಲ್ಲರಿಗೂ ಒಂದೇ ಆಗಿದ್ದರೂ ಒಬ್ಬರಿಗೆ 4 ಕೆ.ಜಿ.ಯಷ್ಟು ಏರಿದರೆ ಇನ್ನೊಬ್ಬರಿಗೆ 13 ಕೆ.ಜಿ. ಏರಿತು. ಆದರೆ ಒಂದೇ ಜೋಡಿಯ ಅಣ್ಣತಮ್ಮಂದಿರು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ದಪ್ಪಗಾದರು. ‘ಅವಳಿಗೆ ಹತ್ತುವುದಿಲ್ಲ, ನನಗೆ ಹತ್ತುತ್ತದೆ’ ಎಂಬ ನಿಮ್ಮ ಮಾತನ್ನು ಮನೆಯವರು ನೆಪವೆಂದು ತಳ್ಳಿಹಾಕಿದರೆ ಅದು ಅನ್ಯಾಯ.

ಇಂಥ ಅಧ್ಯಯನಗಳ ಆಧಾರದ ಮೇಲೆ ಮೈತೂಕದಲ್ಲಿ ವಂಶದ ಪಾಲು ಶೇಕಡಾ 40ರಿಂದ 70 ಎಂದು ಹೇಳುವುದುಂಟು. ಈ ಅಂಕಿಯನ್ನು ಓದಿದವರು ತಮ್ಮ ಸೊಂಟದ ಕೊಬ್ಬಿನಲ್ಲಿ ಅರ್ಧ ಅಮ್ಮನದು, ಅರ್ಧ ತಮ್ಮದು ಎಂದು ಲೆಕ್ಕ ಹಾಕುತ್ತಾರೆ. ಅದು ಆ ಲೆಕ್ಕವಲ್ಲ. ಒಂದೇ ಬಗೆಯ ಪರಿಸರದಲ್ಲಿ ಬದುಕುತ್ತಿರುವ ಜನರ ನಡುವಿನ ವ್ಯತ್ಯಾಸದಲ್ಲಿ ಎಷ್ಟು ಭಾಗ ವಂಶದಿಂದ ಬಂದದ್ದು ಎಂಬುದನ್ನಷ್ಟೇ ಅದು ಹೇಳುತ್ತದೆ. ಪರಿಸರವೇ ಬದಲಾದರೆ ಏನಾಗುತ್ತದೆ ಎಂಬುದರ ಬಗ್ಗೆ ಅದು ಮೌನವಾಗಿದೆ. ಆ ಪ್ರಶ್ನೆಗೆ ಉತ್ತರ ಕೊಟ್ಟವರು ಅಮೆರಿಕ ಖಂಡದ ಮೂಲನಿವಾಸಿಗಳಾದ ಪೀಮಾ ಜನ. ಅವರಲ್ಲಿ ಒಂದು ಗುಂಪು ಅಮೆರಿಕದ ಅರಿಜೋನಾದಲ್ಲಿದೆ, ರಕ್ತದಲ್ಲಿ ಹತ್ತಿರದ ಇನ್ನೊಂದು ಗುಂಪು ಮೆಕ್ಸಿಕೋದ ಗುಡ್ಡಗಾಡಿನಲ್ಲಿ ಬೇಸಾಯ ಮಾಡಿಕೊಂಡಿದೆ. 1994ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಗುಡ್ಡಗಾಡಿನವರ ತೂಕ ಅರಿಜೋನಾದವರಿಗಿಂತ ಸರಾಸರಿ 26 ಕೆ.ಜಿ. ಕಡಿಮೆ ಇತ್ತು. ವಂಶ ಒಂದೇ ಆದರೂ ಅನ್ನವೂ ದುಡಿಮೆಯೂ ಬೇರೆಯಾಗಿದ್ದವು.

ಜೀನು ಕೆಲಸ ಮಾಡುವ ದಾರಿ ಅನೇಕರು ಊಹಿಸಿದಂತಿಲ್ಲ. ಸಾಮಾನ್ಯ ಬೊಜ್ಜಿನೊಂದಿಗೆ ನಂಟಿರುವ ಜೀನುಗಳಲ್ಲಿ ಎಫ್‌ಟಿಓ ಎಂಬುದು ಹೆಚ್ಚು ಪ್ರಸಿದ್ಧ. 2007ರಲ್ಲಿ ಯುರೋಪಿಯನ್ನರ ಅಧ್ಯಯನದಲ್ಲಿ ಅದು ಗೊತ್ತಾದಾಗ, ಅದರ ಅಪಾಯದ ರೂಪವನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದವರು ಪಡೆಯದವರಿಗಿಂತ ಸರಾಸರಿ ಸುಮಾರು 3 ಕೆ.ಜಿ. ಹೆಚ್ಚು ತೂಗುತ್ತಾರೆಂದು ಕಂಡುಬಂತು. ಮರುವರ್ಷ ಸ್ಕಾಟ್ಲೆಂಡಿನಲ್ಲಿ ಈ ಅಪಾಯದ ರೂಪವಿರುವ ಮಕ್ಕಳನ್ನು ಪರೀಕ್ಷಿಸಿದರು. ಅವರ ದೇಹ ಶಕ್ತಿ ಸುಡುವುದರಲ್ಲಿ ಹಿಂದೆ ಬಿದ್ದಿರಲಿಲ್ಲ; ಎದುರಿಗೆ ಊಟ ಇಟ್ಟಾಗ ಅವರು ಹೆಚ್ಚು ಕ್ಯಾಲೊರಿಯ ತಿನಿಸುಗಳನ್ನೇ ಆರಿಸಿಕೊಂಡು ಹೆಚ್ಚು ತಿಂದಿದ್ದರು. ತೂಕಕ್ಕೆ ಸಂಬಂಧಿಸಿದ ಜೀನುಗಳಲ್ಲಿ ಅನೇಕವು ಮಿದುಳಿನಲ್ಲಿ, ಹಸಿವು ಮತ್ತು ತೃಪ್ತಿಯನ್ನು ನಿಭಾಯಿಸುವ ಕಡೆ ಕೆಲಸ ಮಾಡುತ್ತವೆ. ನಿಮ್ಮ ಓರಗಿತ್ತಿಗೆ ‘ಸಾಕು’ ಅನ್ನಿಸುವ ಹೊತ್ತಿಗೆ ನಿಮಗೆ ಇನ್ನೊಂದು ಸೌಟು ಬೇಕೆನ್ನಿಸಬಹುದು. ಅವಳ ಕಣ್ಣಿಗೆ ಬೀಳದ ಕೋಡುಬಳೆ ಡಬ್ಬಿ ನಿಮ್ಮನ್ನು ಕರೆಯಬಹುದು. ಇಬ್ಬರೂ ಉಣ್ಣುವ ಅಡುಗೆ ಒಂದೇ ನಿಜ, ಆದರೆ ಇಬ್ಬರ ಹಸಿವು ಒಂದೇ ಅಲ್ಲ. ಬೆಳಗಿನಿಂದ ಸಂಜೆವರೆಗೆ ರುಚಿ ನೋಡಿದ್ದು, ಮಕ್ಕಳು ಬಿಟ್ಟದ್ದನ್ನು ‘ಹಾಳಾಗಬಾರದು’ ಎಂದು ಬಾಯಿಗೆ ಹಾಕಿಕೊಂಡದ್ದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ನಿಮ್ಮನ್ನು ದೂರಲು ಈ ಮಾತು ಹೇಳುತ್ತಿಲ್ಲ. ನಿಮ್ಮ ಕೈಗೆ ಸಿಗುವ ಹಿಡಿತ ಇಲ್ಲೇ ಇದೆ ಎಂದು ತೋರಿಸಲು ಹೇಳುತ್ತಿದ್ದೇನೆ.

ಎಂಜಲು ಪರೀಕ್ಷೆಗೆ ಹಣ ಹಾಕಬೇಡಿ. 2018ರಲ್ಲಿ ಸುಮಾರು ಏಳು ಲಕ್ಷ ಜನರ, ಬಹುಪಾಲು ಯುರೋಪ್ ಮೂಲದವರ, ಮಾಹಿತಿಯಿಂದ ಪತ್ತೆಯಾದ 900ಕ್ಕೂ ಹೆಚ್ಚು ಜೀನ್ ವ್ಯತ್ಯಾಸಗಳನ್ನು ಒಟ್ಟುಗೂಡಿಸಿದರೂ, ಜನರ ಮೈತೂಕದ ಏರಿಳಿತದಲ್ಲಿ ಶೇಕಡಾ 6ರಷ್ಟನ್ನು ಮಾತ್ರ ವಿವರಿಸಲು ಸಾಧ್ಯವಾಯಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಈ ಜಾಹೀರಾತಿನ ಮಾತನ್ನೇ ನೇರವಾಗಿ ಪರೀಕ್ಷೆಗೆ ಒಡ್ಡಿದರು. 609 ಜನರಲ್ಲಿ ಅರ್ಧದಷ್ಟು ಮಂದಿಗೆ ಕೊಬ್ಬು ಕಡಿಮೆಯಿರುವ, ಉಳಿದವರಿಗೆ ಪಿಷ್ಟ ಕಡಿಮೆಯಿರುವ ಆಹಾರವನ್ನು ಒಂದು ವರ್ಷ ಅನುಸರಿಸಲು ಹೇಳಿದರು. ಮೊದಲ ಗುಂಪು ಸರಾಸರಿ 5.3 ಕೆ.ಜಿ., ಎರಡನೆಯದು 6 ಕೆ.ಜಿ. ಇಳಿಯಿತು. ಜೀನಿಗೆ ‘ಒಪ್ಪುವ’ ಆಹಾರ ಸಿಕ್ಕವರು ಒಪ್ಪದ ಆಹಾರ ಸಿಕ್ಕವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಎಫ್‌ಟಿಓ ಜೀನಿನ ಅಪಾಯದ ರೂಪ ಇದ್ದವರು ಕೂಡ ಆಹಾರ ಮತ್ತು ವ್ಯಾಯಾಮದಿಂದ ಉಳಿದವರಷ್ಟೇ ತೂಕ ಇಳಿಸಿಕೊಳ್ಳುತ್ತಾರೆಂದು ಎಂಟು ಪ್ರಯೋಗಗಳನ್ನು ಕೂಡಿಸಿ ನೋಡಿದ 2016ರ ವಿಶ್ಲೇಷಣೆ ತೋರಿಸಿದೆ. ನಿಮ್ಮ ವಂಶದ ಬಗ್ಗೆ ತಿಳಿಯಬೇಕಾದ್ದನ್ನು ತಾಯಿ, ಚಿಕ್ಕಮ್ಮಂದಿರ ಆರೋಗ್ಯದ ಕಥೆಯೇ ಪುಕ್ಕಟೆಯಾಗಿ ಹೇಳಿದೆ.

ಆ ಕಥೆಯಲ್ಲಿ ನನಗೆ ಚಿಂತೆಯಾಗಿ ಕಂಡದ್ದು ತೂಕಕ್ಕಿಂತ ಸಕ್ಕರೆ ಕಾಯಿಲೆ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 28.8 ಆಗುತ್ತದೆ. ಭಾರತೀಯರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು. ಹೆಂಗಸರ ಸೊಂಟ 80 ಸೆಂ.ಮೀ. ಮೀರಬಾರದು. ನಮಗೆ ಈ ಮಿತಿಗಳು ಪಾಶ್ಚಾತ್ಯರಿಗಿಂತ ಕಡಿಮೆ ಇರಲು ಕಾರಣವಿದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರೂ ಲಂಡನ್ನಿನ ವೈದ್ಯ ಜಾನ್ ಯುಡ್‌ಕಿನ್ ಅವರೂ ಜೊತೆಯಾಗಿ ನಿಂತ ಚಿತ್ರವೊಂದನ್ನು 2004ರಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ಆದರೆ ದೇಹದ ಕೊಬ್ಬು ಲಂಡನ್ನಿನವರಲ್ಲಿ ಶೇಕಡಾ 9.1 ಇದ್ದರೆ ಪುಣೆಯವರಲ್ಲಿ ಶೇಕಡಾ 21.2 ಇತ್ತು. ನೋಡಲು ತೆಳ್ಳಗಿದ್ದರೂ ಒಳಗೆ, ಅದರಲ್ಲೂ ಹೊಟ್ಟೆಯ ಸುತ್ತ, ಕೊಬ್ಬು ಸೇರಿಸಿಕೊಳ್ಳುವ ಈ ಗುಣ ನಮ್ಮವರಲ್ಲಿ ಹುಟ್ಟಿನಿಂದಲೇ ಕಾಣುತ್ತದೆ, ಮತ್ತು ಇದರಲ್ಲಿ ಗರ್ಭದಲ್ಲಿದ್ದಾಗ ಸಿಕ್ಕ ಪೋಷಣೆಯ ಪಾತ್ರವೂ ಇದೆಯೆಂದು ಪುಣೆಯ ತಂಡದ ವಾದ. ಮೈಸೂರಿನ ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಜೋಪಾನ ಮಾಡಿದ ಹೆರಿಗೆ ದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿದವರನ್ನು ಅವರ ನಡುವಯಸ್ಸಿನ ನಂತರ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡಿತು. ಅಂದರೆ ತಾಯಿಯಿಂದ ಮಗುವಿಗೆ ಬರುವುದೆಲ್ಲ ಜೀನೇ ಆಗಿರಬೇಕಿಲ್ಲ. ನಿಮ್ಮ ತೆಳ್ಳಗಿನ ಓರಗಿತ್ತಿಯೂ ಒಮ್ಮೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಲಿ.

ಇನ್ನು ಮುದ್ದೆಯ ವಿಚಾರ. ಮುದ್ದೆಯ ಮೇಲಿನ ಅಭಿಮಾನ ನನಗೂ ಇದೆ, ಆದರೆ ತೂಕದ ಲೆಕ್ಕದಲ್ಲಿ ಅದಕ್ಕೆ ಪವಾಡ ಗೊತ್ತಿಲ್ಲ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 355 ಕ್ಯಾಲೊರಿ ಇದ್ದರೆ ಅಷ್ಟೇ ರಾಗಿಹಿಟ್ಟಿನಲ್ಲಿ 320ರಷ್ಟಿದೆ. ರಾಗಿಯ ಹೆಚ್ಚುಗಾರಿಕೆ ಇರುವುದು ನಾರಿನಂಶದಲ್ಲಿ ಮತ್ತು ಸುಣ್ಣದಂಶದಲ್ಲಿ. ಎರಡು ಮುದ್ದೆ ನುಂಗಿ ಮೇಲೊಂದಿಷ್ಟು ಅನ್ನ ಉಂಡರೆ ಮುದ್ದೆಗೆ ಬದಲಾದದ್ದರಿಂದ ಏನೂ ಗಿಟ್ಟುವುದಿಲ್ಲ. ಭಾರತೀಯರು ತಮ್ಮ ಕ್ಯಾಲೊರಿಯಲ್ಲಿ ಶೇಕಡಾ 62ರಷ್ಟನ್ನು ಪಿಷ್ಟದಿಂದಲೇ ಪಡೆಯುತ್ತಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆ ಹೇಳಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಏಕದಳ ಧಾನ್ಯಗಳಿಂದ ಬರುವುದು ಶೇಕಡಾ 45ನ್ನು ಮೀರಬಾರದು. ಹಾಸನದವರಿಗೆ ಇದಕ್ಕೆ ಹೊಸ ಅಡುಗೆ ಕಲಿಯಬೇಕಾದ ಅಗತ್ಯವೇ ಇಲ್ಲ, ಬಸ್ಸಾರು ಇದೆ. ಬಸಿದ ಕಟ್ಟಿನ ಸಾರನ್ನು ಮುದ್ದೆಯೊಂದಿಗೆ ಉಂಡು, ಬಸಿದ ಸೊಪ್ಪು ಕಾಳಿನ ಪಲ್ಯವನ್ನು ತಟ್ಟೆಯ ಮೂಲೆಯಲ್ಲಿ ಒಂದು ಚಮಚ ಇಟ್ಟುಕೊಳ್ಳುವುದು ನಮ್ಮ ರೂಢಿ. ಅದನ್ನು ತಿರುವಿಹಾಕಿ: ಪಲ್ಯ ಅರ್ಧ ತಟ್ಟೆ, ಮುದ್ದೆ ಒಂದೇ, ಅದೂ ಚಿಕ್ಕದು, ಪಲ್ಯದಿಂದಲೇ ಊಟ ಶುರುವಾಗಲಿ. ನಾರು ಮತ್ತು ಪ್ರೋಟೀನ್ ಹೆಚ್ಚಿರುವ ಊಟದಿಂದ ಹೊಟ್ಟೆ ಬೇಗ ತುಂಬಿದಂತಾಗುತ್ತದೆ. ಹಸಿವೇ ನಿಮ್ಮ ವಂಶದ ತೊಡಕಾಗಿರಬಹುದಾದ್ದರಿಂದ ನಿಮಗೆ ಬೇಕಾದದ್ದು ಇದೇ.

ಎಣ್ಣೆಯ ಲೆಕ್ಕವನ್ನು ಕಂಸದೊಳಗೆ ಬರೆದಿದ್ದೀರಿ, ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅದೇ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ತಿಂಗಳಿಗೆ ಏಳು ಲೀಟರನ್ನು ಆರು ಜನಕ್ಕೆ ಹಂಚಿದರೆ ಒಬ್ಬೊಬ್ಬರಿಗೆ ದಿನಕ್ಕೆ 35 ಗ್ರಾಂ, ಅಂದರೆ 315 ಕ್ಯಾಲೊರಿಗೂ ಹೆಚ್ಚು. ಒಬ್ಬಟ್ಟಿನ ತುಪ್ಪ, ಚಟ್ನಿಯ ಕಾಯಿ ಇದರಲ್ಲಿ ಸೇರಿಲ್ಲ. ಐದು ಲೀಟರಿಗೆ ಇಳಿಸಿದರೆ ಅದು 25 ಗ್ರಾಂ ಆಗುತ್ತದೆ, ಇಡೀ ಮನೆಗೆ ಒಳ್ಳೆಯದಾಗುತ್ತದೆ, ನಿಮ್ಮೊಬ್ಬರನ್ನು ಪಥ್ಯಕ್ಕೆ ಕೂರಿಸಿದಂತೆಯೂ ಆಗುವುದಿಲ್ಲ. ದಿನಕ್ಕೆ ನಾಲ್ಕೈದು ಲೋಟ ಕಾಫಿ ಕುಡಿಯುವವರಾದರೆ, ಲೋಟಕ್ಕೆ ಎರಡು ಚಮಚ ಸಕ್ಕರೆಯಂತೆ ಅಲ್ಲೇ ಸುಮಾರು 200 ಕ್ಯಾಲೊರಿ ಕೂತಿರುತ್ತದೆ.

ಮೊದಲ ಗುರಿ ನಾಲ್ಕೈದು ಕಿಲೋ ಇರಲಿ. ಅದಕ್ಕೂ ತಡವಾದರೆ ಕೈಚೆಲ್ಲಬೇಡಿ: ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರ ಮೇಲೆ ಚೆನ್ನೈನ ತಂಡ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಹಾರ ಸರಿಪಡಿಸಿಕೊಂಡು ನಡಿಗೆ ಹೆಚ್ಚಿಸಿದವರಲ್ಲಿ ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ ಕಾಯಿಲೆಯ ಅಪಾಯ ಶೇಕಡಾ 28.5ರಷ್ಟು ತಗ್ಗಿತ್ತು.

ಪ್ರಶ್ನೆ: ಹುಬ್ಬಳ್ಳಿಯವನು, ವಯಸ್ಸು 45. ಮೂರು ತಿಂಗಳು ಕಟ್ಟುನಿಟ್ಟಾದ ಪಥ್ಯ ಮಾಡಿ 12 ಕೆ.ಜಿ. ಇಳಿಸಿದೆ. ವರ್ಷದೊಳಗೆ 9 ಕೆ.ಜಿ. ಮರಳಿ ಬಂತು. ಮನೆಯವರು ನನ್ನ ಬಾಯಿಚಪಲವೇ ಕಾರಣ ಎನ್ನುತ್ತಾರೆ.

ಉತ್ತರ: ಮನೆಯವರ ಮಾತು ಪೂರ್ತಿ ಸರಿಯಲ್ಲ. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ ‘ದಾಸ್ತಾನು ಇದೆ’ ಎಂದು ಮಿದುಳಿಗೆ ತಿಳಿಸುತ್ತಿರುತ್ತವೆ. ತೂಕ ಇಳಿದಾಗ ಲೆಪ್ಟಿನ್ ಕುಸಿಯುತ್ತದೆ, ಹಸಿವು ಕೆರಳಿಸುವ ಗ್ರೆಲಿನ್ ಏರುತ್ತದೆ. ಮೆಲ್ಬರ್ನ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತು ವಾರದ ಕಠಿಣ ಪಥ್ಯದಿಂದ ಸರಾಸರಿ 13 ಕೆ.ಜಿ.ಗೂ ಹೆಚ್ಚು ಇಳಿಸಿಕೊಂಡವರಲ್ಲಿ ಈ ಬದಲಾವಣೆಗಳು ಒಂದು ವರ್ಷವಾದರೂ ಹಾಗೇ ಉಳಿದಿದ್ದವು. ಪಥ್ಯ ಮುಗಿಯಿತೆಂದು ನೀವು ಹಳೆಯ ಊಟಕ್ಕೆ ಮರಳಿದ್ದೀರಿ, ಆದರೆ ನಿಮ್ಮ ಹಸಿವು ಮೊದಲಿಗಿಂತ ಹೆಚ್ಚಾಗಿತ್ತು. ಇನ್ನೊಮ್ಮೆ ಪ್ರಯತ್ನಿಸುವಾಗ ತಿಂಗಳಿಗೆ ಎರಡು ಕಿಲೋಗಿಂತ ಹೆಚ್ಚಿನ ಆಸೆ ಬೇಡ. ಜೋಳದ ರೊಟ್ಟಿ, ಕಾಳುಪಲ್ಯ, ಮೊಸರಿನ ನಿಮ್ಮ ಕಡೆಯ ಊಟವನ್ನೇ ಅಳತೆಯಲ್ಲಿ ಉಂಡು, ಮುಂದೆ ವರ್ಷಗಟ್ಟಲೆ ನಡೆಸಬಲ್ಲಂಥ ಕ್ರಮವನ್ನೇ ಮೊದಲ ದಿನದಿಂದ ಹಿಡಿಯಿರಿ. ಅಮೆರಿಕದಲ್ಲಿ ತೂಕ ಇಳಿಸಿಕೊಂಡವರ ದಾಖಲೆಯನ್ನು 1994ರಿಂದ ಇಟ್ಟಿದ್ದಾರೆ. ಇಳಿಸಿದ ತೂಕವನ್ನು ಉಳಿಸಿಕೊಂಡವರಲ್ಲಿ ಬಹುಪಾಲು ಮಂದಿ ದಿನಕ್ಕೆ ಒಂದು ಗಂಟೆಯಷ್ಟು ಮೈ ದಣಿಸುವವರು ಮತ್ತು ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುವವರು.

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ, ತೂಕ 29 ಕೆ.ಜಿ. ಹುಟ್ಟಿದ ಕೆಲವೇ ತಿಂಗಳಿಗೆ ದಪ್ಪಗಾಗತೊಡಗಿದ. ಎಷ್ಟು ತಿಂದರೂ ತೃಪ್ತಿಯಿಲ್ಲ, ರಾತ್ರಿ ಎದ್ದು ಅನ್ನ ಕೇಳುತ್ತಾನೆ. ಅತ್ತೆ ‘ಪುಷ್ಟಿಯಾಗಿದ್ದಾನೆ ಬಿಡು’ ಎನ್ನುತ್ತಾರೆ. ನಾನು ಮದುವೆಯಾಗಿರುವುದು ಸ್ವಂತ ಸೋದರಮಾವನನ್ನು.

ಉತ್ತರ: ಈ ವಯಸ್ಸಿನ ಹುಡುಗರ ಮಧ್ಯಮ ತೂಕ 16 ಕೆ.ಜಿ. ಆಸುಪಾಸು. ಇದನ್ನು ಪುಷ್ಟಿ ಎಂದು ಬಿಡಬೇಡಿ, ಮಗುವನ್ನು ಗದರಿಸಿ ಊಟ ಕಿತ್ತುಕೊಳ್ಳಲೂಬೇಡಿ. ಮೇಲಿನ ಉತ್ತರಗಳಲ್ಲಿ ಹೇಳಿದ್ದು ನೂರಾರು ಜೀನುಗಳ ಸಣ್ಣ ಸಣ್ಣ ಪ್ರಭಾವದ ವಿಷಯ. ಅಪರೂಪಕ್ಕೆ ಒಂದೇ ಜೀನು ಕೆಟ್ಟು ಹಸಿವಿನ ಕಡಿವಾಣವೇ ತಪ್ಪುವುದುಂಟು. 1997ರಲ್ಲಿ ಕೇಂಬ್ರಿಜ್‌ನ ವೈದ್ಯರು, ಒಂದೇ ಕುಟುಂಬದ ಇಬ್ಬರು ಅತಿ ದಪ್ಪ ಮಕ್ಕಳ ರಕ್ತದಲ್ಲಿ ಲೆಪ್ಟಿನ್ ಬಹುತೇಕ ಇಲ್ಲವೇ ಇಲ್ಲವೆಂದು ಕಂಡುಹಿಡಿದರು. ಅವರಲ್ಲಿ ಒಬ್ಬ ಹುಡುಗಿಗೆ ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಹಸಿವು ಹತೋಟಿಗೆ ಬಂದು ತೂಕ ಇಳಿಯಿತು. ಇಂಥ ದೋಷ ಕಾಣಿಸಿಕೊಳ್ಳಬೇಕಾದರೆ ಕೆಟ್ಟ ಜೀನು ತಂದೆ ತಾಯಿ ಇಬ್ಬರಿಂದಲೂ ಬರಬೇಕು. ಸಂಬಂಧದೊಳಗಿನ ಮದುವೆಯಲ್ಲಿ ಆ ಸಾಧ್ಯತೆ ಹೆಚ್ಚು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಆದರೆ ಸೋದರಮಾವನ ಮದುವೆಯ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ. ಮೊದಲು ಮಕ್ಕಳ ತಜ್ಞರಿಗೆ ತೋರಿಸಿ, ಅವರ ಚೀಟಿಯೊಂದಿಗೆ ಮಕ್ಕಳ ಹಾರ್ಮೋನು ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಹೋಗಿ. ಎಂಜಲು ಪರೀಕ್ಷೆ ಬೇಡವೆಂದು ಮೊದಲ ಓದುಗರಿಗೆ ಹೇಳಿದೆನಷ್ಟೇ; ನಿಮ್ಮ ಮಗನಿಗೆ ಮಾತ್ರ ಜೀನ್ ಪರೀಕ್ಷೆ ಬೇಕಾಗಬಹುದು, ಅದನ್ನು ಆ ತಜ್ಞರೇ ಬರೆದುಕೊಡಬೇಕು. ಹೋಗುವಾಗ ಹುಟ್ಟಿದ ತೂಕ ಬರೆದಿರುವ ತಾಯಿ ಕಾರ್ಡು, ಲಸಿಕೆಯ ಕಾರ್ಡು, ಮಗು ಕತ್ತು ನಿಲ್ಲಿಸಿದ್ದು, ನಡೆದದ್ದು, ಮಾತು ಆಡಿದ್ದು ಎಷ್ಟು ತಿಂಗಳಿಗೆ ಎಂಬ ವಿವರ, ಮತ್ತು ಒಂದು ವಾರ ಅವನು ತಿಂದದ್ದನ್ನೆಲ್ಲ ಬರೆದಿಟ್ಟ ಹಾಳೆಯನ್ನು ಜೊತೆಗೆ ಒಯ್ಯಿರಿ.